ಮೂರು ಗ್ರಾಂ, ನಲವತ್ತೆಂಟು ಗ್ರಾಂ

ನೂಲಿಗೆ ಬಣ್ಣ ಹಾಕುವ ಆ ಮನೆಯಲ್ಲಿ ಹಿರಿಸೊಸೆಯ ಕೈ ಹತ್ತೊಂಬತ್ತು ವರ್ಷ ಪಳಗಿತ್ತು. ತಕ್ಕಡಿ ಮುಟ್ಟದೆ, ಚಿಟಿಕೆಯಲ್ಲೇ ಪುಡಿಯ ತೂಕ ಹೇಳುತ್ತಿದ್ದಳು. ಉಗುರಿನ ಬಣ್ಣ ಹೋದ ದಿನವೇ ಇರಲಿಲ್ಲ.

ಕಿರಿಸೊಸೆ ರಸಾಯನಶಾಸ್ತ್ರ ಓದಿ ಬಂದವಳು. ಮೂರನೇ ತಿಂಗಳಿಗೇ ಮಾವ ಅಳತೆ ಬರೆಯುವ ಹಲಗೆಯನ್ನು ಅವಳಿಗೆ ಒಪ್ಪಿಸಿದರು. "ನೀನು ಬರಿಯಮ್ಮ, ದೊಡ್ಡವಳು ಕಲಸಲಿ." ಅಂದಿನಿಂದ ಹಿರಿಯವಳಿಗೆ ಓರಗಿತ್ತಿಯ ದುಂಡನೆಯ ಅಕ್ಷರ ಕಂಡರೆ ಉರಿ, ಸೀಮೆಸುಣ್ಣದ ಸದ್ದು ಕೇಳಿದರೂ ಉರಿ. ಗಂಡನ ಮುಂದೆ ಹೇಳಿಕೊಂಡರೆ, "ಅವಳು ಓದಿದೋಳು ಕಣೇ" ಅಂದುಬಿಟ್ಟ.

ಒಂದು ಬೆಳಿಗ್ಗೆ ತೆಳು ನೀಲಿಗೆಂದು ಹಲಗೆಯ ಮೇಲೆ ಹೀಗಿತ್ತು: ೨೪ ÷ ೨(೧+೩) ಗ್ರಾಂ. ಗಾಢ ನೀಲಿಗೆ ಹಳೆಯ ಪುಡಿ ಇಪ್ಪತ್ತನಾಲ್ಕು ಗ್ರಾಂ ಹಿಡಿಯುತ್ತಿತ್ತು. ಹೊಸ ಪುಡಿ ಎರಡು ಪಟ್ಟು ಗಟ್ಟಿ, ಬೇಕಾದ ಬಣ್ಣ ಒಂದು ಪಾಲು ನೀಲಿಗೆ ಮೂರು ಪಾಲು ಬಿಳುಪು, ಅಂದರೆ ನಾಲ್ಕರಲ್ಲೊಂದು ಪಾಲು. ಹಾಗಾಗಿ ಎಂಟರಿಂದ ಭಾಗಿಸಿ ಮೂರು ಗ್ರಾಂ ಎಂಬುದು ಕಿರಿಯವಳ ಲೆಕ್ಕ.

ಹಿರಿಯವಳು ಶಾಲೆಯಲ್ಲಿ ಕಲಿತಂತೆ ಬಿಡಿಸಿದಳು. ಮೊದಲು ಆವರಣ, ನಾಲ್ಕು. ಆಮೇಲೆ ಎಡದಿಂದ: ಇಪ್ಪತ್ತನಾಲ್ಕನ್ನು ಎರಡರಿಂದ ಭಾಗಿಸಿದರೆ ಹನ್ನೆರಡು, ಹನ್ನೆರಡು ನಾಲ್ಕಲೆ ನಲವತ್ತೆಂಟು. ಅಷ್ಟು ಸುರಿದರೆ ನೂಲು ಕಪ್ಪಾಗುತ್ತದೆ, ಮೂರು ಸಾಕು ಎಂದು ಅವಳ ಕೈಗೆ ಗೊತ್ತಿತ್ತು. ಕೇಳಬಹುದಿತ್ತು, ಕಿರಿಯವಳು ಪಕ್ಕದ ಕೋಣೆಯಲ್ಲೇ ನೂಲು ತೊಳೆಯುತ್ತಿದ್ದಳು. ಕೇಳಲಿಲ್ಲ. ನಲವತ್ತೆಂಟು ತೂಗಿ ಸುರಿದಳು.

ಮಧ್ಯಾಹ್ನ ಎತ್ತಿದ ನೂಲು ಕಾಗೆ ಬಣ್ಣ. ಮಾವ ಕೂಗಾಡಿದರು.

"ಹಲಗೆ ಮೇಲೆ ಇದ್ದದ್ದನ್ನೇ ಹಾಕಿದೀನಿ. ಬೇಕಾದ್ರೆ ನೀವೇ ಬಿಡಿಸಿ ನೋಡಿ ಮಾವ" ಎಂದಳು ಹಿರಿಯವಳು. ಅವರು ಬಿಡಿಸಿದರೂ ನಲವತ್ತೆಂಟೇ ಬಂತು.

ಕಿರಿಯವಳು ಜಗಳಕ್ಕೆ ನಿಲ್ಲಲಿ ಎಂದು ಹಿರಿಯವಳು ಕಾದಿದ್ದಳು. ಅವಳೋ ಹಲಗೆ ನೋಡಿ, "ತಪ್ಪು ನಂದೇ ಮಾವ. ಎರಡು ಥರ ಓದೋ ಹಾಗೆ ಬರೆದುಬಿಟ್ಟಿದೀನಿ. ಭಾಗಿಸೋದನ್ನೆಲ್ಲ ಸೇರಿಸಿ ಇನ್ನೊಂದು ಆವರಣ ಹಾಕಬೇಕಿತ್ತು. ಅಕ್ಕನ್ನ ಬೈಬೇಡಿ" ಎಂದಳು.

ಹಿರಿಯವಳಿಗೆ ಅದೂ ಸಹಿಸಲಾಗಲಿಲ್ಲ. ತಪ್ಪು ಒಪ್ಪಿಕೊಳ್ಳೋದರಲ್ಲೂ ಇವಳೇ ಮುಂದೆ! ಕೆಟ್ಟ ನೂಲು ಹಿಂಡುತ್ತಾ ಇಬ್ಬರೇ ಇದ್ದಾಗ ಬಾಯಿಬಿಟ್ಟಳು. "ನಂಗೆ ಗೊತ್ತಿತ್ತು ಕಣೇ. ಮೂರು ಸಾಕು ಅಂತ ಗೊತ್ತಿದ್ದೇ ಸುರಿದೆ. ಹೊಟ್ಟೆಕಿಚ್ಚು."

ಕಿರಿಯವಳು ನೂಲು ಕೆಳಗಿಟ್ಟು ಹೊರಗೆ ಹೋದಳು. ಹತ್ತು ದಿನ "ಅಕ್ಕ" ಎನ್ನಲಿಲ್ಲ. ಹನ್ನೊಂದನೇ ದಿನ ಸೀಮೆಸುಣ್ಣ ಹಿಡಿದು ಬಂದು, "ತಿಳಿಹಸಿರಿಗೆ ಎಷ್ಟು ಹಾಕಬೇಕು ಅಂತ ನಂಗೆ ಹೊಳೀತಿಲ್ಲ. ಹೇಳಿ, ಬರೀತೀನಿ" ಎಂದಳು. ಹಿರಿಯವಳು ಪುಡಿ ಮುಟ್ಟಿ ನೋಡಿ ಐದು ಎಂದಳು.

ಬಣ್ಣ ಚೆನ್ನಾಗಿ ಹಿಡಿಯಿತು. ಮಾವ, "ಎಂಥ ಲೆಕ್ಕ ಹಾಕಿದೀಯಮ್ಮ!" ಎಂದು ಕಿರಿಯವಳನ್ನು ಹೊಗಳಿದರು. ಹಿರಿಯವಳಿಗೆ ಮತ್ತೆ ಚುರ್ ಎಂದಿತು.

"ಲೆಕ್ಕ ಅಕ್ಕಂದು ಮಾವ. ಅಕ್ಷರ ಮಾತ್ರ ನಂದು."

ಮಾವ ಹಿರಿಸೊಸೆಯತ್ತ ನೋಡಿದರು. ಅವಳು ನೂಲು ಹರವುವ ನೆಪದಲ್ಲಿ ಅತ್ತ ತಿರುಗಿಕೊಂಡಳು.