ನಾಲ್ಕು ತಾಸಿಗೊಂದು ಗುಳಿಗೆ

ಸಿಸ್ಟರ್ ಅವರ ಬಲ ಮುಂಗೈ ಮೇಲೆ ಕಡಿತದ ಗಾಯವೊಂದು ಕಪ್ಪಗೆ ಕೂತುಬಿಟ್ಟಿತ್ತು. ಆರು ಹಲ್ಲುಗಳನ್ನು ಬಿಡಿಬಿಡಿಯಾಗಿ ಎಣಿಸಬಹುದಿತ್ತು. ಕಚ್ಚಿದವನು ನನ್ನಪ್ಪ. ಕಚ್ಚಿಸಿದವಳು ನಾನು.

ಅಪ್ಪ ಶಹಾಪುರದಲ್ಲಿ ಹತ್ತಿ ಮೂಟೆ ಹೊತ್ತವನು. ಕ್ಯಾನ್ಸರ್ ಬೆನ್ನೆಲುಬಿಗಿಳಿದ ಮೇಲೆ ದೊಡ್ಡಾಸ್ಪತ್ರೆಯವರು ಮನೆಗೆ ಕಳಿಸಿದರು. ಸುರಪುರದಿಂದ ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದ ಈ ಸಿಸ್ಟರ್‌ಗೆ ಇದ್ದದ್ದು ಒಂದೇ ಕೆಲಸ, ವಾಸಿಯಾಗದವರ ನೋವು ಇಳಿಸುವುದು. ಕುರ್ಚಿ ಬಿಟ್ಟು ಮಂಚದ ಪಕ್ಕ ನೆಲದಲ್ಲಿ ಕೂರುವರು. ಮೊದಲ ಪ್ರಶ್ನೆ ಓಣಿಗೆಲ್ಲ ಕೇಳುವಂತೆ, "ಕಾಕಾ, ಸಂಡಾಸ ಆತೇನ್ರಿ?" ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವಳು. ಎರಡನೆಯದು, "ಇವತ್ತು ಬ್ಯಾನಿ ಎಂಥಾದ್ದು? ಮುಂಜಾನಿ ಬಿಸಲೋ, ನಡು ಮಧ್ಯಾನದ್ದೋ?" ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಆಸ್ಪತ್ರೆಯಲ್ಲಿ ಕೇಳಿದಾಗ ಬೆಪ್ಪಾಗಿದ್ದ ಅಪ್ಪ, ಬಿಸಿಲೆಂದರೆ ಥಟ್ಟನೆ ಹೇಳುತ್ತಿದ್ದ.

ಮೊದಲ ಸಲ ಮಾರ್ಫಿನ್ ಗುಳಿಗೆ ಕೊಟ್ಟು, "ನಾಕ್ ತಾಸಿಗೊಂದು, ಗಡಿಯಾರ ನೋಡಿ," ಎಂದು ಹೇಳಿಹೋದರು. ನಾನು ಹಾಗೆ ಕೊಡಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಮಾದಕ ವಸ್ತುಗಳ ವಿರುದ್ಧ ಮಾತಾಡಿ ಮನೆಗೆ ಶೀಲ್ಡ್ ತಂದವಳು ನಾನು. ಇದು ಅಫೀಮಿನ ಮದ್ದು, ಚಟ ಹತ್ತುತ್ತದೆ, ಈಗಲೇ ತಿಂದರೆ ಮುಂದೆ ನಾಟುವುದಿಲ್ಲ, ಆದ್ದರಿಂದ ಉಳಿಸಬೇಕು. ವಾದ ಎಷ್ಟು ಬಿಗಿಯಾಗಿತ್ತೆಂದರೆ ಅವ್ವನೂ ಒಪ್ಪಿದಳು. ಅಪ್ಪ ಕಿರುಚಿದಾಗ ಮಾತ್ರ ಕೊಟ್ಟೆ, ಅದೂ ಅರ್ಧ.

ಆರನೆಯ ದಿನ ಅಪ್ಪ ಹಿತ್ತಾಳೆ ತಂಬಿಗೆ ಬೀಸಿ ಅವ್ವನ ಹಣೆ ಒಡೆದ. ಗೋಡೆಗೆ ತಲೆ ಜಜ್ಜಿಕೊಂಡ. ಅವ್ವನ ಸೀರೆ ಹರಿದು ಅವನ ಕೈಗಳನ್ನು ಮಂಚಕ್ಕೆ ಬಿಗಿದೆವು. ಮರುದಿನ ಸಿಸ್ಟರ್ ಗಂಟು ಬಿಚ್ಚಲು ಬಾಗಿದಾಗ ಅವರ ಮುಂಗೈಗೆ ಬಾಯಿ ಹಾಕಿದ. ನಾನು ದವಡೆ ಹಿಡಿದು ಎಳೆಯಹೋದೆ.

"ಕೈ ತಗಿ. ಕಚ್ಚಲಿ," ಎಂದರು.

ಅವನು ಬಿಟ್ಟ ಮೇಲೆ ರಕ್ತ ಒರೆಸಿಕೊಂಡು, ಶೀಲ್ಡಿನ ಹಿಂದಿದ್ದ ಡಬ್ಬಿ ತೆರೆದರು. ಗುಳಿಗೆಗಳು ಹೆಚ್ಚುಕಡಿಮೆ ಹಾಗೇ ಇದ್ದವು. ಒಂದನ್ನು ಅಪ್ಪನಿಗೆ ನುಂಗಿಸಿ ನನ್ನತ್ತ ತಿರುಗಿದರು.

"ಚಟ ಹತ್ತತದಲ್ರಿ," ಎಂದೆ.

"ಚಟ ಹತ್ತಿದಾಂವ ನಶಾ ಕೇಳ್ತಾನ. ನಿಮ್ಮಪ್ಪ ಏನ್ ಕೇಳಾಕತ್ತಾರ?"

ಅಪ್ಪ ಕೇಳುತ್ತಿದ್ದದ್ದು ಕಟ್ಟಿಗೆ ಕಡಿಯುವ ಕೊಡಲಿ. ಕುತ್ತಿಗೆಗೆ ಹಾಕು ಎನ್ನುತ್ತಿದ್ದ.

"ಮುಂದ ಹೆಚ್ಚ್ ಬೇಕಾದ್ರ ಡಾಕ್ಟರ್ ಹೆಚ್ಚ್ ಮಾಡ್ತಾರ. ನೋವು ಏಳೂಕಿಂತ ಮೊದಲ ಕೊಡಬೇಕು. ಎದ್ದ ಮ್ಯಾಗ ಅದರ ಹಿಂದ ಓಡೂದಲ್ಲ. ತಿಳೀತೇನ, ಶೀಲ್ಡ್ ಗೆದ್ದಾಕಿ?"

ಅಂದಿನಿಂದ ಗಡಿಯಾರ ನೋಡಿ ಕೊಟ್ಟೆ. ಮೂರನೆಯ ದಿನ ಅಪ್ಪ ಎದ್ದು ಕೂತು, ಹಾಲಿನಲ್ಲಿ ನೆನೆಸಿದ ರೊಟ್ಟಿ ಉಂಡ. ಅವ್ವನ ಹಣೆಯ ಹೊಲಿಗೆ ಮುಟ್ಟಿ ಅತ್ತ. ಮುಂದಿನ ವಾರ ಸಿಸ್ಟರ್ ಬಂದೊಡನೆ ಕೇಳಿದ, "ಮೊದಲ ಯಾಕ ನಿಮ್ಮ ಗುಳಿಗಿ ನಾಟಲಿಲ್ರಿ?"

ನಾನು ಬಾಗಿಲಲ್ಲಿ ನಿಂತಿದ್ದೆ.

"ಅಳತಿ ನಾ ತಪ್ಪಿದ್ದೆ ಕಾಕಾ," ಎಂದರು ಸಿಸ್ಟರ್.

ಬಸ್ ನಿಲ್ದಾಣದವರೆಗೆ ಹಿಂದೆಯೇ ಹೋದೆ. "ಅಪ್ಪಗ ಖರೇ ಹೇಳ್ತೀನ್ರಿ," ಎಂದೆ.

"ಹೇಳು. ನಾಳಿಂದ ನಿನ್ನ ಕೈಲಿಂದ ಗುಳಿಗಿ ತಗೊಳ್ಳಾಕ ಅಂಜಿದ್ರ? ನಾ ವಾರಕ್ಕೊಮ್ಮಿ ಬರಾಕಿ. ವಾದ ಇದ್ರ ಹಾಕು."

ಮುಂದಿನ ಗುಳಿಗೆಯ ಹೊತ್ತಾಗಿತ್ತು, ಮನೆಗೆ ಓಡಿದೆ.

ಅಪ್ಪ ಇನ್ನೆರಡು ತಿಂಗಳು ಬದುಕಿದ. ಕೊನೆಯ ವಾರ ಸಿಸ್ಟರ್ ನೆಲದ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ, ನಾನು ಕೊಟ್ಟ ಗುಳಿಗೆ ನುಂಗಿ ಹೇಳಿದ, "ನನ ಮಗಳು ಒಂದ್ ಸಲಾನೂ ತಪ್ಪಿಲ್ಲ ನೋಡ್ರಿ. ನಿಮಗಿಂತ ಆಕಿ ಚಲೋ."

"ಹೌದ್ರಿ ಕಾಕಾ," ಎಂದು ಸಿಸ್ಟರ್ ಚಹಾ ಮುಗಿಸಿದರು.