ನೀಲಕ್ಕ ಒತ್ತಿದ ಎರಡು ನಕ್ಷತ್ರ

ಪುಂಜಾಲಕಟ್ಟೆಯ ನೀಲಾವತಿಯವರ ಹಲಸಿನ ಹಪ್ಪಳ ಎಣ್ಣೆಗೆ ಬಿದ್ದರೆ ಸಾಕು, ಆಚೆ ಮನೆಯವರು ಏನಾದರೊಂದು ನೆಪ ಹಿಡಿದು ಈಚೆ ಬರುತ್ತಾರೆ. ಬಂದವರು ಹೊಗಳಿದರೋ, ನೀಲಕ್ಕನಿಗೆ ಕೂತಲ್ಲಿ ಕೂರಲಾಗದು. "ಎಂಥ ಚೆಂದ ಮಾರಾಯ್ರೆ, ಈ ಸಲ ಉಪ್ಪು ಒಂಚೂರು ಹೆಚ್ಚಾಗಿದೆ" ಎಂದು ತಮ್ಮ ಹಪ್ಪಳದ ಮೇಲೆ ತಾವೇ ದೂರು ಹೇಳಿದ ಮೇಲೆಯೇ ಸಮಾಧಾನ. ಮದುವೆಯ ದಿನ ಯಾರೋ "ಹುಡುಗಿ ಲಕ್ಷಣವಾಗಿದ್ದಾಳೆ" ಎಂದದ್ದಕ್ಕೆ, "ಸೀರೆ ಒಳ್ಳೆಯದುಂಟು, ಅದಕ್ಕೆ ಹಾಗೆ ಕಾಣುವುದು" ಎಂದು ಮಂಟಪದಲ್ಲೇ ತಿದ್ದಿದ ಹೆಂಗಸು ಅವರು.

ಇಂಥವರ ಹಪ್ಪಳಕ್ಕೆ ಸೊಸೆ ವಿಜೇತಾ ವೆಬ್‌ಸೈಟ್ ಮಾಡಿದ್ದಳು. ಅದಕ್ಕೆ ಗಿರಾಕಿಗಳು ಒತ್ತುವ ನಕ್ಷತ್ರದ ಅಂಕವೂ ಬೇಕೆಂದಾದದ್ದು ತೋಡಾರಿನ ರಹ್ಮತ್ ಬಂದ ಮೇಲೆ. ಮಸ್ಕತ್‌ನಲ್ಲಿ ಅಂಗಡಿ ಇಟ್ಟಿರುವ ಅವನು ರಜೆಯಲ್ಲಿ ಬಂದು, ಹಪ್ಪಳ ತಿಂದು, ಪ್ರತಿವರ್ಷ ತರಿಸಿಕೊಳ್ಳುತ್ತೇನೆ ಎಂದ.

"ಆದ್ರೆ ನೀಲಕ್ಕ, ನನ್ನ ಪಾಲುದಾರ ತಿಂದು ನೋಡುವ ಜನ ಅಲ್ಲ, ಮೊಬೈಲಲ್ಲಿ ನಕ್ಷತ್ರ ನೋಡುವ ಜನ. ಐದರಲ್ಲಿ ನಾಲ್ಕಾದರೂ ಬೇಕು. ನಾನು ಶುಕ್ರವಾರ ಹೊರಡ್ತೇನೆ."

ನೀಲಕ್ಕನ ಜೊತೆ ಹಪ್ಪಳ ಒತ್ತಲು ನಾಲ್ಕು ಹೆಂಗಸರು ಬರುತ್ತಿದ್ದರು. ವ್ಯಾಪಾರ ಇಳಿದು, ಮುಂದಿನ ವರ್ಷ ಅವರಿಗೆ ಬರಬೇಡಿ ಎನ್ನಬೇಕಾಗುತ್ತದೋ ಎಂದು ನೀಲಕ್ಕ ಒಳಗೊಳಗೇ ಬೆಂದಿದ್ದರು. ಈ ಆರ್ಡರ್ ಸಿಕ್ಕಿದರೆ ಆ ಮಾತೇ ಬೇಡ.

ವಿಜೇತಾ ಅದೇ ದಿನ ವೆಬ್‌ಸೈಟಿಗೆ ಐದು ನಕ್ಷತ್ರ ಜೋಡಿಸಿದಳು. "ಅತ್ತೆ, ಹಪ್ಪಳಕ್ಕೆ ಬಂದವರ ಫೋನಲ್ಲಿ ಇದನ್ನು ಒತ್ತಿಸಿ. ಅಷ್ಟೇ ನಿಮ್ಮ ಕೆಲಸ" ಎಂದು ಹೇಳಿ ಬಿ.ಸಿ. ರೋಡಿನ ಆಫೀಸಿಗೆ ಹೋದಳು.

ಬುಧವಾರ ಸಂಜೆ ತೆರೆದು ನೋಡಿದರೆ, ಇಪ್ಪತ್ತಾರು ಜನ ಒತ್ತಿದ್ದಾರೆ, ಸರಾಸರಿ ಎರಡೂ ಇಲ್ಲ!

"ಅತ್ತೆ, ಯಾರು ನಮ್ಮ ಮೇಲೆ ಹೀಗೆ ಹಗೆ ಸಾಧಿಸಿದ್ದು?"

ನೀಲಕ್ಕ ಒಲೆಯ ಕಡೆ ಮುಖ ಮಾಡಿದರು. "ಕನ್ನಡಕ ತರಲಿಲ್ಲ, ನೀವೇ ಒತ್ತಿ ನೀಲಕ್ಕ ಅಂತ ಎಲ್ಲರೂ ಫೋನು ನನ್ನ ಕೈಗೇ ಕೊಟ್ರು."

"ನೀವು ಎಷ್ಟು ಒತ್ತಿದ್ರಿ?"

"ಎರಡು. ನಮ್ಮದಕ್ಕೆ ನಾವೇ ಐದು ಒತ್ತಿಕೊಳ್ಳುವುದಾ? ಮರ್ಯಾದೆ ಬೇಡವಾ?"

"ಎಲ್ಲರದ್ದರಲ್ಲೂ ಎರಡಾ?"

"ಆಚೆ ಮನೆಯ ಹಾಜಬ್ಬರ ಫೋನಲ್ಲಿ ಒಂದು. ಅವರು ಭಾರೀ ಹೊಗಳಿದ್ರು."

ವಿಜೇತಾ ನಗಬೇಕೋ ಅಳಬೇಕೋ ತಿಳಿಯದೆ ಎಲ್ಲವನ್ನೂ ಅಳಿಸಿ ಹಾಕಿದಳು. "ಇನ್ನು ಅವರವರೇ ಒತ್ತಬೇಕು. ನೀವೇ ಫೋನ್ ಮಾಡಿ ಕೇಳಿ ಅತ್ತೆ."

ನನ್ನನ್ನು ಹೊಗಳಿ ಎಂದು ಕೇಳುವುದು! ನೀಲಕ್ಕನ ಮುಖ ಸುಟ್ಟ ಹಪ್ಪಳದಂತಾಯಿತು. ಅಂಗಳದಲ್ಲಿ ಆ ನಾಲ್ವರು ಒಣಗಿದ ಹಪ್ಪಳ ಜೋಡಿಸುತ್ತಿದ್ದರು. ಅವರನ್ನು ನೋಡಿ, ನಿವೃತ್ತ ಮಾಸ್ತರರಾದ ಮಹೇಶ್ವರ ಭಟ್ಟರಿಗೆ ಫೋನು ಹಚ್ಚಿದರು.

"ಮಾಸ್ಟ್ರೇ, ನನ್ನ ಹಪ್ಪಳ ಅಂಥದ್ದೇನೂ ಅಲ್ಲ, ನಿಮಗೇ ಗೊತ್ತುಂಟಲ್ಲ..."

ವಿಜೇತಾ ಕಣ್ಣು ದೊಡ್ಡದು ಮಾಡಿದಳು. ನೀಲಕ್ಕ ಮಾತು ತಿರುಗಿಸಿದರು.

"ಅಲ್ಲ... ಒಳ್ಳೆಯದುಂಟು."

ಹೇಳಿದವರೇ ಯಾರಾದರೂ ಕೇಳಿಸಿಕೊಂಡರೋ ಎಂದು ಸುತ್ತ ನೋಡಿದರು.  ಆ ಕಡೆಯಿಂದ ಮಾಸ್ತರರು ಮೆಲ್ಲಗೆ ಕೇಳಿದರು: "ನೀಲಾವತಿ, ಆರೋಗ್ಯ ಹೇಗುಂಟು?"

ಏಳೆಂಟು ಫೋನು ಆಗುವಷ್ಟರಲ್ಲಿ ನಾಲಿಗೆ ಸಡಿಲವಾಯಿತು. ಹಾಜಬ್ಬರಿಗಂತೂ, "ಮೊನ್ನೆ ಬಾಯಲ್ಲಿ ಹೇಳಿದ್ದನ್ನೇ ಬೆರಳಲ್ಲಿ ಹೇಳಿ" ಎಂದುಬಿಟ್ಟರು.

ಗುರುವಾರ ಸಂಜೆ ರಹ್ಮತ್ ಬರುವಾಗ ನಕ್ಷತ್ರದ ಸರಾಸರಿ ನಾಲ್ಕೂವರೆ ದಾಟಿತ್ತು. ಮಾಸ್ತರರು ಮಾತ್ರ ನಾಲ್ಕೇ ಕೊಟ್ಟಿದ್ದರು. ಪೂರ್ತಿ ಅಂಕ ಅವರು ಸರ್ವೀಸಿನಲ್ಲಿ ಯಾರಿಗೂ ಕೊಟ್ಟವರಲ್ಲ. ರಹ್ಮತ್ ಜಗಲಿಯಲ್ಲಿ ಕೂತೇ ಮಸ್ಕತ್‌ಗೆ ಮಾತಾಡಿ ಆರ್ಡರ್ ಗಟ್ಟಿ ಮಾಡಿದ. ಮತ್ತೆ ಒಂದು ಹಪ್ಪಳ ಕಡಿದು, ಎಲ್ಲರಿಗೂ ಕಾಣುವಂತೆ ತಾನೂ ಐದು ಒತ್ತಿದ.

"ಇದರ ಹಾಗಿನ ಹಪ್ಪಳ ಬೇರೆ ಎಲ್ಲೂ ಇಲ್ಲ ನೀಲಕ್ಕ!"

"ಉಪ್ಪು..." ಎಂದು ನೀಲಕ್ಕ ಬಾಯಿ ತೆರೆದರು. ಬಾಗಿಲಲ್ಲಿ ನಿಂತ ನಾಲ್ಕು ಹೆಂಗಸರು ಅವರನ್ನೇ ನೋಡುತ್ತಿದ್ದರು.

"...ಉಪ್ಪು ಸರಿ ಉಂಟು ಅಲ್ವಾ?" ಎಂದರು.