ಮುಡಬಿಯ ಟಗರಿನ ಕೊಂಡಿ ಅಣ್ಣನ ಫೋನಿಗೆ ಹೋದ ಬಗ್ಗೆ

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ನಾನು ಮೊದಲ ಬಾರಿಗೆ ಬರೆಯುತ್ತಿದ್ದು, ನಡೆದದ್ದನ್ನು ನಡೆದಂತೆಯೇ ನಿವೇದಿಸಿಕೊಳ್ಳುತ್ತೇನೆ.

ನಾನು ಹುಮನಾಬಾದಿನ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಕೆಲಸ ಮಾಡುವವಳು. ನಮ್ಮದು ಹುಡಗಿ ಗ್ರಾಮದ ಕುರಿ ಸಾಕುವ ಮನೆತನ. ಅಕ್ಕನನ್ನು ಬಸವಕಲ್ಯಾಣ ತಾಲ್ಲೂಕಿನ ಮುಡಬಿಗೆ ಕೊಟ್ಟಿದ್ದು, ಭಾವನವರದೂ ಅದೇ ಕಸುಬು. ಬಕ್ರೀದ್‌ಗೆ ಮುಂಚಿತವಾಗಿ ಜನ ಟಗರುಗಳ ಫೋಟೋ ನೋಡಿ ಫೋನ್ ಮಾಡಲೆಂದು ಅಣ್ಣನಿಗಾಗಿ ವೆಬ್‌ಸೈಟ್ ಸಿದ್ಧಪಡಿಸಿದ್ದೆ. ಅಕ್ಕ ಕೋರಿದ್ದರಿಂದ, ಅಣ್ಣನ ಫೋಲ್ಡರಿನ ಒಳಗೇ ‘ಮುಡಬಿ’ ಎಂಬ ಇನ್ನೊಂದು ಫೋಲ್ಡರ್ ತೆರೆದು ಭಾವನವರ ಟಗರುಗಳನ್ನೂ ಸೇರಿಸಿದೆ.

ಹಬ್ಬ ಮುಗಿದರೂ ಭಾವನವರಿಗೆ ಒಂದು ಕರೆಯೂ ಬರಲಿಲ್ಲ. ಅವರ ಟಗರಿನ ಫೋಟೋದ ಕೆಳಗೆ ‘ಫೋನ್ ಮಾಡಿ’ ಎಂಬ ಕೊಂಡಿಯನ್ನು, ಅಂದರೆ ಲಿಂಕನ್ನು, ಒತ್ತಿದರೆ ಅಣ್ಣನ ನಂಬರು ಬರುತ್ತದೆಂದು ಅವರಿಗೆ ತಡವಾಗಿ ತಿಳಿಯಿತು. ಅಷ್ಟರಲ್ಲಿ ಪಂಚಮಿ ಬಂದಿತ್ತು. ಅಕ್ಕನನ್ನು ತವರಿಗೆ ಕರೆಯಲು ಬರುವುದು ಬೇಡವೆಂದು ಅವರು ಅಣ್ಣನಿಗೆ ಖಡಾಖಂಡಿತವಾಗಿ ತಿಳಿಸಿದರು. ಅಕ್ಕನನ್ನು ಕರೆತರಲೇಬೇಕೆಂದು ಅವ್ವ ಪಟ್ಟು ಹಿಡಿದಿದ್ದರಿಂದ ನಾನು ಲ್ಯಾಪ್‌ಟಾಪ್ ಸಮೇತ ಅಣ್ಣನೊಂದಿಗೆ ಮುಡಬಿಗೆ ಹೋದೆ.

“ಬರ್ರಿ ಸಾಹುಕಾರ್ರ, ಈ ಸಲ ಯಾವ ಟಗರ ಹೊಡ್ಕೊಂಡ್ ಹೋಗಾಕ ಬಂದೀರಿ?” ಎಂದರು ಭಾವನವರು. ಕೂರಲು ಹೇಳಲಿಲ್ಲ.

“ಭಾವಾರ, ನಿಮ್ಮ ಪುಟದಾಗ ಫೋನಿನ ಹಾಳಿದು ಬರೀ ಹೆಸರ ಬರದೀನ್ರಿ, ಯಾವ ಫೋಲ್ಡರ್ ಅಂತ ಬರದಿಲ್ಲ. ಬ್ರೌಸರ್ ತಾ ಎಲ್ಲಿ ನಿಂತದ ನೋಡಿ ಅಲ್ಲೇ ಹುಡುಕ್ತದ್ರಿ,” ಎಂದೆ.

ವಿಳಾಸದ ಕೊನೆಯಲ್ಲಿ ಓರೆಗೆರೆ (/) ಇದ್ದರೆ ಬ್ರೌಸರ್ ಆ ಫೋಲ್ಡರಿನ ಒಳಗೇ ಹುಡುಕುತ್ತದೆ. ಭಾವನವರು ವಾಟ್ಸಾಪ್‌ನಲ್ಲಿ ಹಂಚಿದ ವಿಳಾಸದಲ್ಲಿ ಆ ಗೆರೆ ಇರಲಿಲ್ಲ. ಆದ್ದರಿಂದ ಬ್ರೌಸರ್ ‘ಮುಡಬಿ’ ಎಂಬ ಕೊನೆಯ ಭಾಗವನ್ನು ಬರಿಯ ಹಾಳೆಯೆಂದು ಬಗೆದು, ಅದನ್ನು ಕೈಬಿಟ್ಟು, ಹೊರಗಿನ ಫೋಲ್ಡರಿನಲ್ಲಿ, ಅಂದರೆ ಅಣ್ಣನದರಲ್ಲಿ, ಹುಡುಕಿತ್ತು. ಅಲ್ಲಿಯೂ ಅದೇ ಹೆಸರಿನ ಹಾಳೆಯಿದ್ದ ಕಾರಣ ದೋಷ ಯಾರಿಗೂ ಕಾಣಿಸಲಿಲ್ಲ. ಫೋಟೋಗಳಿಗೆ ಮಾತ್ರ ಪೂರ್ತಿ ವಿಳಾಸ ಬರೆದಿದ್ದೆನಾಗಿ ಅವು ಸರಿಯಾಗಿಯೇ ಬರುತ್ತಿದ್ದವು. ಗೆರೆಯಿದ್ದ ಮತ್ತು ಗೆರೆಯಿಲ್ಲದ ಎರಡೂ ವಿಳಾಸಗಳನ್ನು ತೆರೆದು ಒತ್ತಿ ತೋರಿಸಿದೆ.

“ಅಂದ್ರ ನನ್ನ ನಿಮ್ಮಣ್ಣನ ಹೊಟ್ಟ್ಯಾಗ ಇಟ್ಟೀದಿ! ನಾ ನಿಮ್ಮನಿ ಅಳಿಯಾ ಏನ್ ಅಂವನ ಆಳ?”

ನಾನು ಫೋನಿನ ಹಾಳೆಗೂ ಮೊದಲಿನಿಂದ ಪೂರ್ತಿ ವಿಳಾಸ ಬರೆದೆ. ಭಾವನವರು ತಮ್ಮ ಮೊಬೈಲಿನಲ್ಲಿ ಗೆರೆಯಿಲ್ಲದ ವಿಳಾಸವನ್ನೇ ತೆರೆದು ಒತ್ತಿದರು. ಅವರದೇ ನಂಬರು ಬಂತು.

“ಕೊಂಡೀದು ತಿಳೀತು. ನಿನ್ನ ಮ್ಯಾಲ ನಂದೇನಿಲ್ಲ ತಂಗಿ,” ಎಂದು ಅವರು ಅಣ್ಣನ ಕಡೆ ತಿರುಗಿದರು. “ಕಪ್ಪ ಮಾರೀ ಟಗರ ಬೇಕಂತ ನಿನಗ ಫೋನ್ ಬಂದಿಲ್ಲೇನು? ನಿನ್ನ ಹಿಂಡಿನ್ಯಾಗ ಕಪ್ಪ ಮಾರೀದ ಎಲ್ಲದ?”

“ಬಂದಿತ್ತು,” ಎಂದ ಅಣ್ಣ. “ಅದು ಮಾರಾಟಾಗಿ ಹೋಗ್ಯಾದ, ನಮ್ಮದ ನೋಡ್ರಿ ಅಂದೆ. ಧಂದೆ ಅಂದಮ್ಯಾಗ ಇಷ್ಟ್ ನಡೀತದ.”

ಈ ಸಂಗತಿ ಆ ಕ್ಷಣದವರೆಗೆ ನನ್ನ ಗಮನಕ್ಕೆ ಬಂದಿರಲಿಲ್ಲ. ಮಾರಾಟವಾಗದ ಆ ಕಪ್ಪು ಮುಖದ ಟಗರು ಅಂಗಳದ ಗೂಟಕ್ಕೆ ಕಟ್ಟಿದಂತೆಯೇ ಇತ್ತು.

“ಹೋಗೂದಿದ್ರ ಹೋಗು, ನಾ ಹಿಡ್ಯಾಂಗಿಲ್ಲ,” ಎಂದು ಭಾವನವರು ಅಕ್ಕನಿಗೆ ಹೇಳಿ ಎದ್ದರು.

ಅಕ್ಕ ಬಾಗಿಲು ಬಿಟ್ಟು ಕದಲಲಿಲ್ಲ. “ಅದರ ತಾಯಿ ಸತ್ತಾಗ ಬಾಟ್ಲಿ ಹಾಲ ಕುಡ್ಸಿ ಬೆಳ್ಸೀನಿ ಅಂತ ನಿನಗ ಗೊತ್ತಿತ್ತಲ್ಲಣ್ಣಾ. ಗೊತ್ತಿದ್ದೂ ಹೋಗ್ಯಾದ ಅಂದಿ. ನಾ ಬರಂಗಿಲ್ಲ, ನಡೀ.”

ಅಕ್ಕನಿಲ್ಲದೆಯೇ ನಾವಿಬ್ಬರೂ ಶೇರ್ ಆಟೋದಲ್ಲಿ ಹುಡಗಿಗೆ ಮರಳಿದೆವು. ಮನೆಯ ಬಾಗಿಲಲ್ಲಿ ಕಾಯುತ್ತಿದ್ದ ಅವ್ವ “ಆಕಿ ಎಲ್ಲಿ?” ಎಂದಾಗ ಅವನು, “ಈಕಿ ಮಾಡಿದ ಸೈಟ್ ಕೆಟ್ಟಿತ್ತಂತ, ಅದಕ ಕಳಿಸಲಿಲ್ಲ,” ಎಂದ.

ಸೈಟ್ ಸರಿಯಾಗಿದೆಯೆಂದು ನಾನು ಅವ್ವನಿಗೆ ತಿಳಿಸಿದೆ. ಫೋನ್ ಮಾಡಿದವರಿಗೆ ಅಣ್ಣ ಏನು ಹೇಳಿದ್ದನೆಂಬುದನ್ನೂ ಅವನ ಎದುರಿಗೇ ತಿಳಿಸಿದೆ.